ಚೀಲದ ನೀರು ಎಲ್ಲಿ ಹೋಯಿತು?

ಪ್ರಶ್ನೆ: ಸರ್, ನಾನು ಗುಬ್ಬಿ ಕಡೆಯವನು. ದುಬೈನಲ್ಲಿ ವೇಕ್‌ಬೋರ್ಡ್ ಬೋಟ್ ಓಡಿಸುತ್ತೇನೆ. ಗಿರಾಕಿಗಳು ಹಲಗೆ ಮೇಲೆ ನಿಂತು, ಹಿಂದಿನಿಂದ ಹಗ್ಗ ಹಿಡಿದು, ಬೋಟ್ ಎಬ್ಬಿಸುವ ಅಲೆ ಹತ್ತಿ ಹಾರುತ್ತಾರೆ. ಅಲೆ ದೊಡ್ಡದಾಗಲಿ ಅಂತ ಒಳಗೆ ನೀರಿನ ಚೀಲ ತುಂಬುತ್ತೇವೆ. ಹಿಂದೆ ಎಡಕ್ಕೆ 350 ಲೀಟರ್, ಬಲಕ್ಕೆ 350, ಮುಂದೆ 250. ಮೊದಮೊದಲು ಚೆನ್ನಾಗಿರುತ್ತದೆ. ಅರ್ಧ ಗಂಟೆ ಆದಮೇಲೆ ಬೋಟ್ ಬಲಕ್ಕೆ ವಾಲುತ್ತದೆ, ಒಂದು ಬದಿಯ ಅಲೆ ಬರೀ ನೊರೆ. ಹೊರಡುವಾಗ ಮೂತಿ ಆಕಾಶ ನೋಡುತ್ತದೆ. ಮಾಲೀಕರು ಹಿಂದೆ ಇನ್ನೊಂದು 200 ಲೀಟರಿನ ಚೀಲ ಇಡು ಅನ್ನುತ್ತಿದ್ದಾರೆ. ಇಡಲೇ?

ಉತ್ತರ: ಇಡಬೇಡಿ.

ನಿಮ್ಮ ಕಾಗದದಲ್ಲಿ ನನ್ನ ಕಣ್ಣಿಗೆ ಬಿದ್ದ ಮಾತು "ಅರ್ಧ ಗಂಟೆ ಆದಮೇಲೆ" ಅನ್ನುವುದು. ಭಾರ ಹಂಚಿದ್ದೇ ತಪ್ಪಾಗಿದ್ದರೆ ಬೋಟ್ ಮೊದಲ ನಿಮಿಷದಿಂದಲೇ ವಾಲುತ್ತಿತ್ತು, ಅಲ್ವಾ? ಆಮೇಲೆ ವಾಲುತ್ತದೆ ಅಂದರೆ ಓಡುವಾಗ ಏನೋ ಬದಲಾಗುತ್ತಿದೆ. ಎಡಗಡೆ ಚೀಲ ಖಾಲಿಯಾಗುತ್ತಿದೆ ಎಂದು ನನಗೆ ಗುಮಾನಿ.

ತುಮಕೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಡುವ ಮುಂಚೆ ನಾನೂ ದುಬೈನಲ್ಲೇ ಹನ್ನೊಂದು ವರ್ಷ ಬೋಟ್ ಮೆಕ್ಯಾನಿಕ್ ಆಗಿದ್ದೆ. ಇಂಥದ್ದೇ ದೂರಿಗೆ ಒಮ್ಮೆ ಪ್ರೊಪೆಲರ್ ಬದಲಿಸಿದೆ, ಸ್ಟೀರಿಂಗ್ ಕೇಬಲ್ ಬಿಗಿ ಮಾಡಿದೆ. ಎರಡು ದಿನ ದಂಡ. ಮೂರನೇ ದಿನ ಸುಮ್ನೆ ಸೀಟಿನ ಮುಚ್ಚಳ ಎತ್ತಿ ನೋಡಿದರೆ, ಎಡಗಡೆ ಚೀಲ ಹಳೇ ದಿಂಬಿನ ಹಾಗೆ ಮಲಗಿತ್ತು. ಚೀಲಕ್ಕೆ ನೀರು ತುಂಬುವ, ಖಾಲಿ ಮಾಡುವ ಪಂಪ್ ಆಫ್. ಸ್ವಿಚ್ ಯಾರೂ ಮುಟ್ಟಿರಲಿಲ್ಲ.

ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಡ್ಯಾಮ್ ನೋಡಿದ್ದೀರಾ? ನೀರು ಮಟ್ಟ ಮೀರಿದರೆ ಅಲ್ಲಿ ಯಾರೂ ಗೇಟ್ ಎತ್ತಬೇಕಿಲ್ಲ. ಸೈಫನ್, ಅಂದರೆ ನೀರು ತುಂಬಿಕೊಂಡ ಬಾಗಿದ ಕೊಳವೆ, ತಾನಾಗೇ ಎಳೆದು ಹೊರಗೆ ಹಾಕುತ್ತದೆ. ನಿಮ್ಮ ಚೀಲದ ಪೈಪಿನಲ್ಲೂ ಅದೇ ಆಟ. ಚೀಲದ ಗಾಳಿ ಹೋಗುವ ಪೈಪಿನ ಬಾಯಿ ಬೋಟಿನ ಪಕ್ಕೆಯಲ್ಲಿ ಇರುತ್ತದೆ. ಓಡುವಾಗ ಅದರ ಮುಂದೆ ನೀರು ರಭಸವಾಗಿ ಹರಿದು ಒಳಗಿನದನ್ನು ಎಳೆಯುತ್ತದೆ. ಪೈಪ್ ಒಮ್ಮೆ ತುಂಬಿ ಹರಿಯಲು ಶುರುವಾದರೆ ನಿಲ್ಲುವುದಿಲ್ಲ. ಇನ್ನೊಂದು ದಾರಿ ಪಂಪ್. ರಬ್ಬರ್ ರೆಕ್ಕೆಯ ಇಂಪೆಲರ್ ಪಂಪ್ ನಿಂತಾಗ ನೀರನ್ನು ತಡೆದು ಹಿಡಿಯುತ್ತದೆ. ಆದರೆ ರೆಕ್ಕೆ ಸವೆದರೆ ಸೋರುತ್ತದೆ. ನೀರಿಲ್ಲದೆ ಸ್ವಲ್ಪ ಹೊತ್ತು ಓಡಿದರೂ ಆ ರೆಕ್ಕೆ ಹಾಳಾಗಬಹುದು. ನಮ್ಮ ಬಾವಿ ಪಂಪಿನಂಥ ಮಾದರಿ ಇದ್ದರೆ ತಡೆಯುವುದೇ ಇಲ್ಲ, ಅದಕ್ಕೆ ವಾಲ್ವ್ ಬೇಕೇ ಬೇಕು.

ನಾಳೆ ಹೀಗೆ ಮಾಡಿ. ಮೂರೂ ಚೀಲ ಕಲ್ಲಿನ ಹಾಗೆ ಗಟ್ಟಿಯಾಗುವವರೆಗೆ ತುಂಬಿ. ಗಿರಾಕಿ ಇಲ್ಲದೆ ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಮುಚ್ಚಳ ಎತ್ತಿ ಕೈಯಿಂದ ಒತ್ತಿ ನೋಡಿ. ಮತ್ತೆ ಹತ್ತು ನಿಮಿಷ. ಮೆತ್ತಗಾದ ಚೀಲವೇ ಕಳ್ಳ. ಅದರ ಗಾಳಿ ಪೈಪನ್ನು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಕ್ಕೆ ಎತ್ತಿ, ಬಾಗಿಸಿ, ಆ ಬಾಗಿನ ನೆತ್ತಿಯಲ್ಲಿ ಗಾಳಿ ಒಳಗೆ ಬಿಡುವ ವಾಲ್ವ್ ಹಾಕಿಸಿ. ಗಾಳಿ ಸೇರಿದರೆ ಸೈಫನ್ ಸತ್ತಿತು. ಅರ್ಧ ತುಂಬಿದ ಚೀಲ ಖಾಲಿ ಚೀಲಕ್ಕಿಂತ ಕೆಟ್ಟದ್ದು. ಬೋಟ್ ಯಾವ ಕಡೆ ವಾಲುತ್ತದೋ ನೀರೂ ಆ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ಉಪ್ಪುನೀರಲ್ವಾ, ಸಂಜೆ ಸಿಹಿನೀರು ಹಾಯಿಸಿ ಪಂಪ್ ತೊಳೆಯುವುದನ್ನು ಮರೆಯಬೇಡಿ.

ಮೂತಿ ಏಳುವುದು ಬೇರೆ ರೋಗ. ಅದಕ್ಕೆ ನಿಮ್ಮ ಅಜ್ಜನ ಎತ್ತಿನ ಗಾಡಿ ನೆನಪು ಮಾಡಿಕೊಳ್ಳಿ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಕುಸಿಯುತ್ತದೆ. ನಿಮ್ಮದು ಹಿಂದೆ 700, ಮುಂದೆ 250. ಸಾಲದ್ದಕ್ಕೆ ಗಿರಾಕಿಗಳೆಲ್ಲ ಹಿಂದಿನ ಸೀಟಿಗೇ ಮುಗಿಬೀಳುತ್ತಾರೆ. ಹಿಂದೆ ಭಾರ ಜಾಸ್ತಿಯಾದರೆ ಅಲೆ ಕಡಿದಾಗುತ್ತದೆ, ನಿಜ. ಆದರೆ ಬೋಟ್ ನೀರಿನ ಮೇಲೆ ಎದ್ದು ಓಡಲು ಒದ್ದಾಡುತ್ತದೆ, ಮುಂದೇನಿದೆ ಅಂತ ನಿಮಗೆ ಕಾಣುವುದಿಲ್ಲ. ಮುಂದೆ ಭಾರ ಇಟ್ಟರೆ ಅಲೆ ಉದ್ದವಾಗಿ, ಏರು ಮೆತ್ತಗಾಗಿ ಬರುತ್ತದೆ. ಹೊಸಬರು ಜಾಸ್ತಿ ಇದ್ದ ದಿನ ನಾನು ಅದನ್ನೇ ಇಷ್ಟಪಡುತ್ತಿದ್ದೆ. ಅತಿಯಾದರೆ ಮಾತ್ರ, ತಿರುಗಿ ಬರುವಾಗ ಸ್ವಂತ ಅಲೆಗೇ ಮೂತಿ ಕೊಟ್ಟು ಒಳಗೆ ನೀರು ತುಂಬಿಕೊಳ್ಳುತ್ತೀರಿ. ಹೊಸ ಚೀಲಕ್ಕೆ ಮುಂಚೆ ಇಬ್ಬರನ್ನು ಮುಂದಿನ ಸೀಟಿಗೆ ಕಳಿಸಿ. ಬೋಟಿನ ಹಿಂತುದಿಯಲ್ಲಿ ಏರಿಳಿಸುವ ಪ್ಲೇಟ್ ಇದ್ದರೆ ಹೊರಡುವಾಗ ಕೆಳಗಿಳಿಸಿ, ವೇಗ ಬಂದಮೇಲೆ ಎತ್ತಿ. ಆಮೇಲೆ ಗಂಟೆಗೆ 32ರಿಂದ 37 ಕಿಲೋಮೀಟರ್ ಒಳಗೆ ಒಂದೇ ವೇಗ ಹಿಡಿದು ಅಲೆ ನೋಡಿ. ಭಾರ, ವೇಗ, ಪ್ಲೇಟ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಎಲ್ಲ ಸರಿಮಾಡಿದ ಮೇಲೂ ಎಂಜಿನ್ ತಿಣುಕಿದರೆ, ಆಗ ಕಡಿಮೆ ಪಿಚ್ಚಿನ, ಅಂದರೆ ಒಂದು ಸುತ್ತಿಗೆ ಕಡಿಮೆ ದೂರ ತಳ್ಳುವ ಪ್ರೊಪೆಲರ್ ಬಗ್ಗೆ ಯೋಚಿಸಿ.

ಮಾಲೀಕರಿಗೆ ಒಂದು ಲೆಕ್ಕ ತೋರಿಸಿ. ಒಂದು ಲೀಟರ್ ನೀರು ಒಂದು ಕಿಲೋ, ಸಮುದ್ರದ ನೀರು ಸ್ವಲ್ಪ ಹೆಚ್ಚೇ. ಈಗಲೇ 950 ಕಿಲೋ ನೀರು. ಎಂಟು ಜನ, ತಲಾ 70 ಅಂದರೂ 560. ಪೆಟ್ರೋಲ್, ಹಲಗೆಗಳು ಬೇರೆ. ಸ್ಟೀರಿಂಗ್ ಹತ್ತಿರದ ಫಲಕದಲ್ಲಿ ಬೋಟ್ ಎಷ್ಟು ಹೊರಬಹುದು ಅಂತ ಬರೆದಿರುತ್ತದೆ. ಅದನ್ನು ಓದಿ ಹೇಳಲಿ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಇಂಥದೇ ಬೋಟಿನಲ್ಲಿ ಹೋಗಿದ್ದಳು. ಹಿಂದಿನ ಮೆಟ್ಟಿಲಿನಂಥ ಹಲಗೆ ಮೇಲೆ ಕೂತಿದ್ದಾಗ ವಿಪರೀತ ತಲೆನೋವು ಬಂತಂತೆ. ಬಿಸಿಲಿಗೆ ಇರಬಹುದೇ? (ಒಬ್ಬ ತಾಯಿ, ಕೋಲಾರ)

ಉತ್ತರ: ಬಿಸಿಲು ಅಂತ ಬಿಟ್ಟುಬಿಡಬೇಡಿ ಅಮ್ಮಾ. ಎಂಜಿನ್ ಹೊಗೆ ಹೊರಬರುವುದು ಅಲ್ಲೇ ಹಿಂದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೋಟ್ ನಿಧಾನವಾಗಿ ಹೋಗುವಾಗ ಅದು ಹಿಂದೆಯೇ ಸುತ್ತುತ್ತದೆ. ತಲೆನೋವು, ತಲೆಸುತ್ತು ಅದರ ಮೊದಲ ಸುಳಿವು, ಆಮೇಲೆ ಪ್ರಜ್ಞೆಯೂ ತಪ್ಪಬಹುದು. ಎಂಜಿನ್ ಆನ್ ಇರುವಾಗ ಆ ಹಲಗೆ ಮೇಲೆ ಕೂರಬಾರದು, ಹಿಡಿದು ನೇತಾಡಲೂಬಾರದು. ಇವತ್ತೇ ಫೋನ್ ಮಾಡಿ ಹೇಳಿ.

ಪ್ರಶ್ನೆ: ಟ್ರೈಲರ್ ಎಳೆಯುವಾಗ ಟ್ರ್ಯಾಕ್ಟರಿನ ಮುಂದಿನ ಚಕ್ರ ಏಳುತ್ತದೆ. ಹಿಂದಿನ ಟೈರಿಗೆ ನೀರು ತುಂಬಿಸಲೇ? (ರೈತ, ಶಿರಾ)

ಉತ್ತರ: ಹಿಂದಿನ ಟೈರಿನ ನೀರು ಚಕ್ರ ಜಾರುವುದಕ್ಕೆ ಮದ್ದು, ಮೂತಿ ಏಳುವುದಕ್ಕಲ್ಲ. ಮುಂದಿನ ಬಂಪರಿಗೆ ಕಬ್ಬಿಣದ ವೇಯ್ಟ್ ಹಾಕಿಸಿ, ಟ್ರೈಲರನ್ನು ಆದಷ್ಟು ಕೆಳಗಿನ ಕೊಂಡಿಗೆ ಸಿಕ್ಕಿಸಿ. ಟ್ರೈಲರಿನ ಲೋಡ್ ಸ್ವಲ್ಪ ಕಡಿಮೆ ಮಾಡಿದರೂ ಆದೀತು, ಆದರೆ ಆ ಮಾತು ಯಾರೂ ಕೇಳುವುದಿಲ್ಲ.