ತೋಟದ ಮನೆಯ ಆಯಿಗೆ ಹೋಂ ನರ್ಸೋ, ಆಶ್ರಮವೋ?

ಪ್ರಶ್ನೆ: ಆಯಿಗೆ 76. ಅಪ್ಪ ತೀರಿಕೊಂಡ ಮೇಲೆ ಶಿರಸಿ ಹತ್ತಿರದ ತೋಟದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಸಕ್ಕರೆ ಕಾಯಿಲೆ, ಮಂಡಿನೋವು ಇದೆ. ಕಳೆದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಳು. ನಾನು, ತಮ್ಮ ಇಬ್ಬರೂ ಬೆಂಗಳೂರಿನಲ್ಲಿದ್ದೇವೆ. ಮನೆಯಲ್ಲೇ ಉಳಿಯುವ ಹೋಂ ನರ್ಸ್‌ಗೆ ಏಜೆನ್ಸಿಯವರು ತಿಂಗಳಿಗೆ 28 ಸಾವಿರ ಹೇಳಿದ್ದಾರೆ. ಬೆಂಗಳೂರಿನ ಹಿರಿಯರ ವಸತಿಯೊಂದರಲ್ಲಿ 50 ಸಾವಿರ, ಮೇಲಿಂದ ಠೇವಣಿ ಬೇರೆ. ಆಯಿಗೆ 16 ಸಾವಿರ ಕುಟುಂಬ ಪಿಂಚಣಿ ಬರುತ್ತದೆ, ಸೊಸೈಟಿಯಲ್ಲಿ 20 ಲಕ್ಷ ಇದೆ. ಏನು ಮಾಡಲಿ?

ಉತ್ತರ: ಎರಡೂ ದರಗಳನ್ನು ಸದ್ಯ ಬದಿಗಿಡಿ. ಸ್ನಾನ, ಶೌಚ, ಬಟ್ಟೆ ಉಡುವುದು, ಮಂಚದಿಂದ ಏಳುವುದು, ಊಟ ಇವುಗಳಲ್ಲಿ ಯಾವುದು ಆಯಿಗೆ ಸ್ವಂತ ಆಗುವುದಿಲ್ಲ? ಎಲ್ಲವೂ ಆಗುತ್ತಿದ್ದರೆ ಹೋಂ ನರ್ಸ್ ಈಗಲೇ ಬೇಕಿಲ್ಲ. ಊರಿನವರೇ ಒಬ್ಬರು ಹಗಲು ಅಡುಗೆ, ಔಷಧ ನೋಡಿಕೊಂಡು, ರಾತ್ರಿ ಜೊತೆಗೆ ಮಲಗಲು ಬಂದರೆ ಸಾಕು.

ಮೊದಲ ಖರ್ಚು ಬಚ್ಚಲಿಗೆ. ನಮ್ಮ ಹಳೇ ಮನೆಗಳ ಬಚ್ಚಲು ಹಿಂಬದಿಯಲ್ಲಿ, ಎರಡು ಮೆಟ್ಟಿಲು ಕೆಳಗೆ, ಪಾಚಿಗಟ್ಟಿದ ಕಲ್ಲುಹಾಸಿನ ಮೇಲೆ ಇರುತ್ತದೆ. ಗೋಡೆಗೆ ಹಿಡಿಕೆ, ಜಾರದ ನೆಲ, ಮಲಗುವ ಕೋಣೆಗೆ ತಾಗಿ ಕಮೋಡ್ ಇವಿಷ್ಟು ಮಳೆಗಾಲಕ್ಕೆ ಮುಂಚೆ ಆಗಲಿ. ಸೊಂಟದ ಮೂಳೆ ಮುರಿದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಆ ಒಂದು ಓಡಾಟದ ಮುಂದೆ ಈ ಖರ್ಚು ಯಾವ ಲೆಕ್ಕ!

ವಸತಿಯವರನ್ನು ಕೇಳಬೇಕಾದ್ದು ಒಂದೇ ಮಾತು: "ಆಯಿ ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ, ಆಗ ಎಷ್ಟು?" 50 ಸಾವಿರ ಬರೀ ಕೋಣೆ, ಊಟದ್ದಾಗಿರಬಹುದು, ಡೈಪರ್, ಆರೈಕೆಯವರ ಸಂಬಳ, ಫಿಸಿಯೋಥೆರಪಿ ಪ್ರತ್ಯೇಕ. ದತ್ತಿ ವೃದ್ಧಾಶ್ರಮಗಳಲ್ಲಿ ಅನೇಕವು ಓಡಾಡಿಕೊಂಡು ಇರುವವರನ್ನಷ್ಟೇ ಸೇರಿಸಿಕೊಳ್ಳುತ್ತವೆ. ಠೇವಣಿ ಕಟ್ಟುವ ಮುಂಚೆ ಆಯಿ ಒಂದು ತಿಂಗಳು ಅಲ್ಲಿದ್ದು ನೋಡಲಿ. ಅಂದ ಹಾಗೆ, ನಿಮ್ಮ ಪತ್ರದಲ್ಲಿ ಎಲ್ಲ ಇದೆ, ಆಯಿ ಏನೆನ್ನುತ್ತಾಳೆ ಎಂಬುದೊಂದಿಲ್ಲ.

ಈಗ ದುಡ್ಡು. ಮುಂದೆ ಹೋಂ ನರ್ಸ್ ಬೇಕೇ ಆಯಿತೆನ್ನಿ. ಸಂಬಳ 28 ಸಾವಿರ, ಆಕೆಯ ಊಟವೂ ಸೇರಿ ಮನೆಖರ್ಚು, ಔಷಧ 17 ಸಾವಿರ ಹಿಡಿದರೆ ಒಟ್ಟು 45 ಸಾವಿರ. ಪಿಂಚಣಿ ಕಳೆದರೆ 29 ಸಾವಿರ ಕೊರತೆ. ಇಪ್ಪತ್ತರಲ್ಲಿ 5 ಲಕ್ಷ ಆಸ್ಪತ್ರೆಗೆಂದು ಬ್ಯಾಂಕಿನಲ್ಲಿರಲಿ. 15 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದರೆ ಶೇ 8.2ರಂತೆ ಮೂರು ತಿಂಗಳಿಗೆ 30,750 ಬರುತ್ತದೆ. ಹಣ ಇಟ್ಟ ದಿನದ ದರವೇ ಐದು ವರ್ಷ ನಡೆಯುತ್ತದೆ. ಉಳಿದ ಸುಮಾರು 19 ಸಾವಿರವನ್ನು ತೋಟದ ಫಸಲು ತುಂಬೀತು, ಇಲ್ಲವೇ ನೀವು, ತಮ್ಮ ಹಂಚಿಕೊಳ್ಳಬೇಕು. ಸಂಬಳ ವರ್ಷಕ್ಕೆ ಶೇ 8 ಏರಿದರೆ ಒಂಬತ್ತು ವರ್ಷದಲ್ಲಿ ಇದೇ 28 ಸಾವಿರ 56 ಸಾವಿರ ಆಗುತ್ತದೆ ಎಂಬುದೂ ನೆನಪಿರಲಿ.

ಸೊಸೈಟಿಯಿಂದ ಏಕೆ ತೆಗೆಯಬೇಕು? ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಉಂಟು, ಸೊಸೈಟಿ ಠೇವಣಿಗೆ ಆ ವಿಮೆ ಇಲ್ಲ. ಅಡಿಕೆ ಬೆಳೆಯುವವರಿಗೆ ಸೊಸೈಟಿ ಬೇಕೇ ಬೇಕು, ಒಪ್ಪಿದೆ. ಆದರೆ ಆಯಿಯ ಗಂಟೆಲ್ಲ ಒಂದೇ ಕಡೆ ಬೇಡ. ಅವಧಿ ಮುಗಿದಂತೆ ತೆಗೆಯುತ್ತ ಬನ್ನಿ. ಆರೋಗ್ಯ ವಿಮೆ ಈ ವಯಸ್ಸಿನಲ್ಲೂ ಸಿಕ್ಕೀತು. ಆದರೆ ಪ್ರೀಮಿಯಂ ದುಬಾರಿ, ಸಕ್ಕರೆ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು, ಮನೆಯಲ್ಲಿರುವ ಹೋಂ ನರ್ಸ್ ಸಂಬಳವನ್ನು ಸಾಮಾನ್ಯವಾಗಿ ಅದು ಕೊಡುವುದೂ ಇಲ್ಲ.

ಪ್ರಶ್ನೆ: ಕಾರವಾರದಲ್ಲಿ ಸ್ವಂತ ಮನೆಯಿದೆ, ನನಗೆ 71. "ಮನೆ ನನ್ನ ಹೆಸರಿಗೆ ಮಾಡಿಕೊಡಿ, ಕೊನೆವರೆಗೂ ನೋಡಿಕೊಳ್ಳುತ್ತೇನೆ" ಎನ್ನುತ್ತಾನೆ ದೊಡ್ಡ ಮಗ. ಬರೆದುಕೊಡಲೇ?

ಉತ್ತರ: ಬೇಡ. ಉಯಿಲು ಬರೆಯಿರಿ, ಮನಸ್ಸು ಬದಲಾದರೆ ತಿದ್ದಬಹುದು. ನೋಂದಣಿಯಾದ ದಾನಪತ್ರ ಹಾಗಲ್ಲ. ಕೊಡಲೇಬೇಕೆಂದಾದರೆ ಊಟ, ಔಷಧ, ಮನೆಯಲ್ಲಿ ಇರುವ ಹಕ್ಕು ಮೂರನ್ನೂ ಪತ್ರದೊಳಗೇ ಷರತ್ತಾಗಿ ಬರೆಸಿ. ಷರತ್ತು ಮುರಿದರೆ 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿ ದಾನಪತ್ರ ರದ್ದು ಮಾಡಿಸಬಹುದು. ಬಾಯಿಮಾತನ್ನು ನೆಚ್ಚಬೇಡಿ, ಅಂಥ ಷರತ್ತು ಇತ್ತೆಂಬುದು ಸಾಬೀತಾಗಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಗನೊಡನೆ ಮಾತಾಡುವ ಮುಂಚೆ ಸಲಹೆ ಬೇಕೆನಿಸಿದರೆ ಹಿರಿಯರ ಸಹಾಯವಾಣಿ 14567 ಇದೆ, ಕರೆ ಉಚಿತ.