ಪ್ರತಿಕ್ರಿಯೆ: ರಂಗನತಿಟ್ಟಿನ ಬಂಡೆ ಮೇಲೆ ಕೂತಿದ್ದ ಹಕ್ಕಿ
ನಮಸ್ಕಾರ ಸಾರ್. ಏಪ್ರಿಲ್‌ನಲ್ಲಿ ರಂಗನತಿಟ್ಟಿನ ಬೋಟಿನಿಂದ ನೋಡಿದ, ಬೋಳು ಬಂಡೆ ಮೇಲೆ ಕೂತಿದ್ದ ಹಳದಿ ಕೊಕ್ಕು, ಕರಿ ಟೋಪಿಯ ಹಕ್ಕಿ ಯಾವುದು, ಹೊಳೆ ನಡುವಿನ ಆ ತಿಟ್ಟುಗಳು ತಾವಾಗೇ ಆದವಾ ಅಂತ ಕೇಳಿದ್ದೀರಿ.

ಅದು ರೀವ, ಅಂದರೆ ಹೊಳೆ ಟರ್ನ್. ಕಡಲಹಕ್ಕಿಗಳ ನೆಂಟ. ಗೂಡು ಕಟ್ಟುವ ಗೋಜಿಗೇ ಹೋಗುವುದಿಲ್ಲ, ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಬೂದು ಬಣ್ಣ, ಮೇಲೆ ಕಂದು ಮಚ್ಚೆ. ಬೋಟಿನವರು ಬೆರಳು ಮಾಡಿ ತೋರಿಸಿದರೂ ನನಗೆ ಕಲ್ಲು ಯಾವುದು, ಮೊಟ್ಟೆ ಯಾವುದು ಗೊತ್ತಾಗಲಿಲ್ಲ! ಬೇಸಿಗೆಯಲ್ಲಿ ನೀರಿಳಿದು ಬಂಡೆ ಎದ್ದಾಗಲೇ ಇದರ ಸಂಸಾರ. ಆಗ ಹೊಳೆ ಏರಿದರೆ ಮೊಟ್ಟೆಯೆಲ್ಲ ನೀರುಪಾಲು.

ತಿಟ್ಟುಗಳಿಗೆ ಕಾರಣ 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡು. ಪಕ್ಷಿತಜ್ಞ ಸಲೀಂ ಅಲಿಯವರು ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯ್ತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಗೂ ಸೇರಿತು.

ಮಕ್ಕಳನ್ನು ಕರ್ಕೊಂಡು ಹೋದರೆ ಕೈ ನೀರಿಗೆ ಇಳಿಬಿಡೋಕೆ ಬಿಡಬೇಡಿ. ಬಂಡೆ ಮೇಲೆ ಬಾಯ್ತೆರೆದು ಸುಮ್ನೆ ಬಿದ್ದಿರುವ ಮೊಸಳೆಗಳು ಬೊಂಬೆಯಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಬೋಟು ನಿಲ್ಲಿಸುತ್ತಾರೆ, ಫೋನ್ ಮಾಡಿ ವಿಚಾರಿಸಿಕೊಂಡೇ ಹೊರಡಿ.