ಓದುಗರ ಪ್ರಶ್ನೆ, ನಮ್ಮ ಉತ್ತರ: ಮೆಚ್ಚಿದ ಸಂಗೀತವನ್ನು ಇನ್ನೊಬ್ಬರಿಗೆ ಕೇಳಿಸುವುದು

ಪ್ರಶ್ನೆ: ನಾನು ನಿವೃತ್ತ ಉಪಾಧ್ಯಾಯ. ನಲವತ್ತು ವರ್ಷಗಳಿಂದ ಶಾಸ್ತ್ರೀಯ ಸಂಗೀತವನ್ನು ಕೇಳುತ್ತ ಬಂದಿದ್ದೇನೆ. ಈಚೆಗೆ ನನಗೆ ಅಚ್ಚುಮೆಚ್ಚಾದ ಕಛೇರಿಗಳನ್ನು ಅಕ್ಕನ ಮಕ್ಕಳಿಗೂ ಹಳೆಯ ಸಹೋದ್ಯೋಗಿಗಳಿಗೂ ವಾಟ್ಸಾಪಿನಲ್ಲಿ ಕಳುಹಿಸುತ್ತಿದ್ದೇನೆ. ಎಲ್ಲರೂ ಕೈಮುಗಿದ ಚಿತ್ರವೊಂದನ್ನು ಹಾಕಿ ಸುಮ್ಮನಾಗುತ್ತಾರೆ. ಯಾರೂ ಕೇಳಿದಂತೆ ಕಾಣುವುದಿಲ್ಲ. ಯಾವುದನ್ನು ಕಳುಹಿಸಿದರೆ ಕೇಳಿಯಾರು? ನನ್ನ ಪಟ್ಟಿಯನ್ನು ಲಗತ್ತಿಸಿದ್ದೇನೆ.
(ಹೆಸರು ಬೇಡ, ಶಿವಮೊಗ್ಗ)

ಉತ್ತರ: ನಿಮ್ಮ ಪಟ್ಟಿಯನ್ನು ನೋಡಿದೆ. ಇಪ್ಪತ್ತಮೂರು ಕಛೇರಿಗಳಿವೆ, ಒಂದೊಂದೂ ಎರಡು ಗಂಟೆಗೆ ಕಡಿಮೆಯಿಲ್ಲ. ಇಷ್ಟನ್ನೂ ಒಮ್ಮೆಗೇ ಬಡಿಸಿದರೆ ಹಸಿದು ಕೂತವನೂ ಎಲೆ ಮಡಚಿ ಏಳುತ್ತಾನೆ. ನಿಮ್ಮ ಅಭಿರುಚಿಯಲ್ಲಿ ಕೊರತೆಯಿಲ್ಲ, ಬಡಿಸುವ ಕೈ ಮಾತ್ರ ತುಸು ದೊಡ್ಡದಾಗಿದೆ. ತಿಂಗಳಿಗೆ ಒಂದನ್ನು, ಒಬ್ಬರಿಗೆ, ಅವರ ಹೆಸರು ಹಿಡಿದು ಎರಡು ಸಾಲು ಬರೆದು ಕಳುಹಿಸಿ ನೋಡಿ. ಗುಂಪಿಗೆ ಕಳುಹಿಸಿದ್ದನ್ನು ಪ್ರತಿಯೊಬ್ಬರೂ ಬೇರೆ ಯಾರೋ ಕೇಳುತ್ತಾರೆಂದುಕೊಂಡು ಬಿಟ್ಟುಬಿಡುತ್ತಾರೆ.

ನಮ್ಮ ಸಂಗೀತದಲ್ಲಿ ‘ಮೆಚ್ಚಿನ ಕೃತಿ’ ಎಂಬ ಮಾತಿಗೇ ಒಂದು ತೊಡಕಿದೆ. ಕೃತಿಯ ಹೆಸರು ಹೇಳಿದರೆ ಮುಗಿಯುವುದಿಲ್ಲ. ಯಾರು ಹಾಡಿದ್ದು, ಯಾವ ಧ್ವನಿಮುದ್ರಿಕೆ ಎಂಬುದನ್ನೂ ಹೇಳಬೇಕಾಗುತ್ತದೆ. ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನೇ ತೆಗೆದುಕೊಳ್ಳಿ. ಕರ್ನಾಟಕ ಸಂಗೀತದ ಗಾಯಕರು ಅದನ್ನು ಹೆಚ್ಚಾಗಿ ಮಧ್ಯಮಾವತಿಯಲ್ಲೋ ಶ್ರೀ ರಾಗದಲ್ಲೋ ಹಾಡುತ್ತಾರೆ. ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿಯವರ ಕಂಠದಲ್ಲಿ ಅದೇ ಪದ ಬೇರೆಯೇ ಬಾಗಿಲಿನಿಂದ ಮನೆಯೊಳಕ್ಕೆ ಬರುತ್ತದೆ. ‘ಭಾಗ್ಯದ ಲಕ್ಷ್ಮೀ ನನಗಿಷ್ಟ’ ಎಂದಷ್ಟೇ ನೀವು ಬರೆದರೆ, ಅಕ್ಕನ ಮಗಳು ಮದುವೆ ಮನೆಯ ಧ್ವನಿವರ್ಧಕದಲ್ಲಿ ಕೇಳಿದ್ದನ್ನು ನೆನೆದುಕೊಂಡು ‘ನನಗೂ ಗೊತ್ತು ಮಾವ’ ಎಂದು ಹೇಳಿ ಮುಗಿಸುತ್ತಾಳೆ.

ಇನ್ನೊಂದು ಮಾತು. ಧ್ವನಿಮುದ್ರಿಕೆಯ ಯಾವ ಜಾಗ ನಿಮ್ಮನ್ನು ಹಿಡಿದು ನಿಲ್ಲಿಸಿತೋ ಅದನ್ನು ಹೇಳಿ. ಮೈಸೂರು ವಾಸುದೇವಾಚಾರ್ಯರ (1865–1961) ‘ಬ್ರೋಚೇವಾರೆವರುರಾ’ ಖಮಾಚ್ ರಾಗದ ಕೃತಿ, ಆದಿತಾಳ, ಸಾಹಿತ್ಯ ತೆಲುಗು. ಅದನ್ನು ಕಳುಹಿಸುವಾಗ ‘ಚರಣದ ಸೀತಾಪತೇ ಎಂಬಲ್ಲಿಗೆ ಬಂದಾಗ ಗಾಯಕರು ಮುಂದಕ್ಕೆ ಹೋಗದೆ ಅಲ್ಲಿಯೇ ಸುತ್ತುತ್ತಾರೆ, ಅಷ್ಟನ್ನು ಕೇಳು, ಕೊನೆಗೆ ವಾಸುದೇವ ಎಂಬ ಹೆಸರು ಬರುತ್ತದಲ್ಲ, ಅದು ದೇವರ ಹೆಸರೂ ಹೌದು, ಬರೆದವರ ಅಂಕಿತವೂ ಹೌದು’ ಎಂದು ಬರೆದರೆ, ಏನೂ ತಿಳಿಯದವರಿಗೂ ಕಿವಿ ಊರಲು ಒಂದು ಜಾಗ ಸಿಗುತ್ತದೆ. ರಾಗಲಕ್ಷಣವನ್ನು ಮೊದಲ ಪತ್ರದಲ್ಲೇ ವಿವರಿಸಲು ಹೋಗಬೇಡಿ.

ಹಿಂದೂಸ್ತಾನಿಯಲ್ಲಿ ಹೊಸಬರಿಗೆ ಮೊದಲು ಯಾವುದನ್ನು ಕೊಡಬೇಕೆಂಬ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಕ್ಯಾಸೆಟ್ಟುಗಳ ಕಾಲದಲ್ಲಿ ಗೆಳೆಯರೊಬ್ಬರಿಗೆಂದು ಕಿರಾಣಾ ಘರಾಣೆಯ (ಗಾಯನ ಪರಂಪರೆಯ) ವಿಲಂಬಿತ, ಅಂದರೆ ಬಲು ನಿಧಾನ ಲಯದ, ತೋಡಿ ರಾಗವೊಂದನ್ನು ತೊಂಬತ್ತು ನಿಮಿಷದ ಟೇಪಿಗೆ ಇಳಿಸಿ, ಮೇಲೆ ಚೀಟಿ ಅಂಟಿಸಿ ಕೊಟ್ಟೆ. ನಲವತ್ತೈದನೆಯ ನಿಮಿಷಕ್ಕೆ ಒಂದು ಬದಿ ಮುಗಿದು, ಗಾಯಕರು ತಾರ ಷಡ್ಜದ (ಮೇಲಿನ ಸ ಸ್ವರದ) ಹೊಸ್ತಿಲಲ್ಲಿ ಇರುವಾಗಲೇ ಟೇಪು ‘ಟಕ್’ ಎಂದು ನಿಲ್ಲುತ್ತಿತ್ತು. ಗೆಳೆಯರು ಮೂರು ತಿಂಗಳ ಮೇಲೆ ಅದನ್ನು ಹಿಂದಿರುಗಿಸುತ್ತ, ‘ಹಾಡು ಶುರುವಾಗುವ ಮೊದಲೇ ನಿಂತುಹೋಗುತ್ತದೆ, ಟೇಪು ಕೆಟ್ಟಿರಬೇಕು’ ಎಂದರು. ಅಂದಿನಿಂದ ನಾನು ಹೊಸಬರಿಗೆ ಮೊದಲು ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಿಸುತ್ತೇನೆ. ಅವರ ಜೈಪುರ–ಅತ್ರೌಲಿ ಘರಾಣೆಯಲ್ಲಿ ದೀರ್ಘ ಆಲಾಪದ ಪೀಠಿಕೆಯಿಲ್ಲದೆ ಬಂದಿಶ್ (ಸಾಹಿತ್ಯವಿರುವ ಹಾಡು) ಬೇಗ ಎದುರಿಗೆ ಬರುತ್ತದೆ, ಲಯ ಮೊದಲಿನಿಂದಲೂ ನಡೆಯುತ್ತಿರುತ್ತದೆ, ಕೇಳುವವನಿಗೆ ಕಾಲು ಕುಣಿಸಲು ಅವಕಾಶವಿರುತ್ತದೆ. ಅದಕ್ಕೂ ಮೊದಲು ಬೇಕಾದರೆ ಅವರು ಹಾಡಿದ ಅಕ್ಕಮಹಾದೇವಿಯ ‘ಅಕ್ಕ ಕೇಳವ್ವಾ ನಾನೊಂದು ಕನಸ ಕಂಡೆ’ ವಚನವನ್ನು ಕೊಡಿ. ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿಗಳ ಆ ಕನಸು ಯಾವ ಕನ್ನಡಿಗನಿಗೂ ಅರ್ಥವಾಗುತ್ತದೆ. ಮಾತು ಅರ್ಥವಾದ ಮೇಲೆ ಸ್ವರದ ಕಡೆಗೆ ಗಮನ ತಾನಾಗಿ ಹರಿಯುತ್ತದೆ. ಕಿರಾಣಾದ ವಿಲಂಬಿತವನ್ನು ಆಮೇಲೆ, ಅವರೇ ಕೇಳಿದಾಗ ಕೊಟ್ಟರಾಯಿತು.

ಹದಿನೈದು ದಿನ ಕಳೆದ ಮೇಲೆ ‘ಹೇಗಿತ್ತು’ ಎಂದು ವಿಚಾರಿಸುವುದಕ್ಕಿಂತ ‘ನೀನು ಈಗ ಏನು ಕೇಳುತ್ತಿದ್ದೀಯ, ನನಗೊಂದು ಕಳುಹಿಸು’ ಎನ್ನಿ. ಅವರು ಕಳುಹಿಸಿದ್ದನ್ನು ಪೂರ್ತಿ ಕೇಳಬೇಕಾದ ಕರ್ಮವೂ ನಿಮ್ಮದೇ, ಅದನ್ನು ತಪ್ಪಿಸಿಕೊಳ್ಳಬಾರದು.

ಪ್ರಶ್ನೆ: ನನಗೆ ರಾಗಗಳ ಹೆಸರು ತಿಳಿಯದು. ಅಡುಗೆ ಮಾಡುತ್ತ ರೇಡಿಯೋದಲ್ಲಿ ಕೇಳಿ ಇಷ್ಟಪಟ್ಟದ್ದನ್ನು ಗೆಳತಿಯರಿಗೆ ಹೇಳಹೋದರೆ ‘ಯಾವ ರಾಗ’ ಎಂದು ಕೇಳುತ್ತಾರೆ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ತಿಳಿಯದೆ ಮೆಚ್ಚುವುದು ತಪ್ಪೇ?
(ಗೃಹಿಣಿ, ಕುಮಟಾ)

ಉತ್ತರ: ಖಂಡಿತ ತಪ್ಪಲ್ಲ. ಗದಗಿನ ಬಾಲಕ ಭೀಮಸೇನ ಅಬ್ದುಲ್ ಕರೀಂ ಖಾನರ ‘ಪಿಯಾ ಬಿನ್ ನಹೀ ಆವತ ಚೈನ್’ ಎಂಬ ಠುಮ್ರಿಯ (ಲಘು ಶಾಸ್ತ್ರೀಯ ಹಾಡಿನ) ಗ್ರಾಮಫೋನ್ ತಟ್ಟೆಯನ್ನು ಕೇಳಿ, ಹೀಗೆ ಹಾಡಬೇಕೆಂದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೊರಟ ಕತೆ ನಿಮಗೆ ಗೊತ್ತಿರಬಹುದು. ಅದು ಝಿಂಝೋಟಿ ರಾಗ; ಆ ತಟ್ಟೆಯ ಒಂದು ಬದಿ ಮೂರು ನಿಮಿಷದ ಆಸುಪಾಸು. ಆ ಹುಡುಗನನ್ನು ಮನೆಯಿಂದ ಎಬ್ಬಿಸಿದ್ದು ಆ ದನಿ, ರಾಗದ ಹೆಸರಲ್ಲ. ಗೆಳತಿಯರು ರಾಗ ಕೇಳಿದರೆ ‘ನೀವೇ ಕೇಳಿ ಹೇಳಿ’ ಎಂದು ಧ್ವನಿಮುದ್ರಿಕೆಯನ್ನು ಅವರ ಮುಂದಿಡಿ. ಹೆಸರು ಹೇಳುವ ಹಟಕ್ಕಾದರೂ ಪೂರ್ತಿ ಕೇಳುತ್ತಾರೆ.

ಪ್ರಶ್ನೆ: ನನಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೆಂದರೆ ಪ್ರಾಣ. ತಾತ ವೀಣೆಯ ಅಭಿಮಾನಿ. ‘ಅದು ನಮ್ಮದಲ್ಲ’ ಎಂದು ನನ್ನ ಸಂಗೀತವನ್ನು ಕೇಳಲು ಒಪ್ಪುವುದಿಲ್ಲ. ಅವರಿಗೆ ಯಾವುದನ್ನು ಕೇಳಿಸಲಿ?
(ವಿದ್ಯಾರ್ಥಿನಿ, ಮೈಸೂರು)

ಉತ್ತರ: ಮೈಸೂರಿನಲ್ಲೇ ಕುಳಿತು ಈ ಪ್ರಶ್ನೆ ಕೇಳುತ್ತಿದ್ದೀರಿ! ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರೇ ರಷ್ಯದ ಸಂಗೀತ ರಚನಕಾರ ಮೆಡ್ಟ್ನರ್ ಅವರ ಪಿಯಾನೋ ರಚನೆಗಳು ಲಂಡನ್ನಿನಲ್ಲಿ ಧ್ವನಿಮುದ್ರಣವಾಗಲು ಹಣ ಒದಗಿಸಿದವರು. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದೂ ಅವರ ನೆರವಿನಿಂದಲೇ. ಇನ್ನೂ ಹಿಂದಕ್ಕೆ ಹೋದರೆ, ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ನೊಟ್ಟುಸ್ವರಗಳಿವೆ; ‘ಸಂತತಂ ಪಾಹಿಮಾಂ’ ಬ್ರಿಟಿಷರ ರಾಷ್ಟ್ರಗೀತೆಯ ಧಾಟಿಯಲ್ಲಿದೆ. ತಾತನವರೊಡನೆ ವಾದಕ್ಕೆ ನಿಲ್ಲದೆ ಮೊದಲು ಅದನ್ನೇ ಕೇಳಿಸಿ.

ಆಮೇಲೆ ವಾದ್ಯವೃಂದದ ದೊಡ್ಡ ರಚನೆಗಳಿಗೆ ಹೋಗಬೇಡಿ. ಒಂದೇ ವಾದ್ಯ ಆಲಾಪಿಸುವುದನ್ನು ಕೇಳಿ ಬೆಳೆದ ಕಿವಿಗೆ ನಲವತ್ತು ಪಿಟೀಲು ಒಟ್ಟಿಗೆ ಬಂದರೆ ಸಂತೆಯಲ್ಲಿ ನಿಂತಂತಾಗುತ್ತದೆ. ಬಾಖ್ ಸೆಲ್ಲೋಗೆಂದು (ಪಿಟೀಲಿನ ಜಾತಿಯ ದೊಡ್ಡ ವಾದ್ಯಕ್ಕೆಂದು) ರಚಿಸಿದ ಸ್ವೀಟುಗಳಲ್ಲಿ, ಅಂದರೆ ಹಲವು ಭಾಗಗಳ ರಚನಾಮಾಲೆಗಳಲ್ಲಿ, ಮೊದಲನೆಯದರ ಆರಂಭದ ಭಾಗವನ್ನು ಆರಿಸಿಕೊಳ್ಳಿ: ಒಂದೇ ವಾದ್ಯ, ತಾಳವಾದ್ಯವಿಲ್ಲ, ತಂತಿಗಳ ಮೇಲೆ ಕಮಾನು ಎಡೆಬಿಡದೆ ಹಿಂದೆ ಮುಂದೆ ಓಡುತ್ತದೆ, ಮೂರು ನಿಮಿಷದೊಳಗೆ ಮುಗಿಯುತ್ತದೆ. ಸಂಜೆ ಮೈಸೂರು ದೊರೆಸ್ವಾಮಿ ಅಯ್ಯಂಗಾರರ ವೀಣೆಯ ತಾನವೊಂದನ್ನು (ತಾಳವಿಲ್ಲದೆ ಲಯಬದ್ಧವಾಗಿ ನಡೆಯುವ ರಾಗವಿಸ್ತಾರವನ್ನು) ಅವರೊಡನೆ ಕೂತು ಕೇಳಿ, ಅದು ಮುಗಿದೊಡನೆ ಏನೂ ಹೇಳದೆ ಇದನ್ನು ಹಾಕಿ. ‘ಇದು ಶಂಕರಾಭರಣ ರಾಗವಲ್ಲವೇನಮ್ಮ’ ಎಂದು ತಾತ ಕೇಳಿದರೆ ತಿದ್ದಲು ಹೋಗಬೇಡಿ. ಅಲ್ಲಲ್ಲಿ ಆ ರಾಗಕ್ಕೆ ಸೇರದ ಒಂದೆರಡು ಅನ್ಯಸ್ವರಗಳನ್ನು ಬಿಟ್ಟರೆ ಅವರ ಮಾತು ಬಹುಮಟ್ಟಿಗೆ ಸರಿಯೇ.